ಎಲ್ಲರ ಮುಂದೆ

ಹೈಸ್ಕೂಲಿನಲ್ಲಿ ಪಾಠ ಮಾಡುವವರಿಗೆ ಈ ಮಾತು ಹೊಸದಲ್ಲ. ಇಬ್ಬರು ಹುಡುಗರು ಹೊಡೆದಾಡಿಕೊಂಡಿರುತ್ತಾರೆ. ಒಬ್ಬನ ಅಂಗಿ ಗುಂಡಿ ಕಿತ್ತು ಬಂದಿರುತ್ತದೆ, ಇನ್ನೊಬ್ಬನ ತುಟಿ ಒಡೆದಿರುತ್ತದೆ. ಸ್ಟಾಫ್ ರೂಮಿಗೆ ಕರೆದು, ಯಾಕೋ ಹೊಡೆದೆ ಅಂತ ಕೇಳಿದರೆ ಬರುವ ಉತ್ತರ ಹೆಚ್ಚೂ ಕಮ್ಮಿ ಒಂದೇ. "ಎಲ್ರ ಮುಂದೆ ಅಂದ್ಬಿಟ್ಟ ಮೇಡಂ." ಏನಂದ ಅಂತ ಕೇಳಿ ನೋಡಿ. ಕೆಲವರಿಗೆ ಅದು ಸರಿಯಾಗಿ ನೆನಪೇ ಇರುವುದಿಲ್ಲ. ಯಾರ್ಯಾರು ಇದ್ದರು ಅಂತ ಕೇಳಿ, ಒಬ್ಬೊಬ್ಬರ ಹೆಸರನ್ನೂ ಹೇಳುತ್ತಾರೆ. ಹತ್ತನೇ ಕ್ಲಾಸಿನ ಇಂಥವನು ನಗುತ್ತಿದ್ದ, ಬಿ ಸೆಕ್ಷನ್ನಿನ ಹುಡುಗಿಯರು ಕಾರಿಡಾರಿನಲ್ಲಿ ನಿಂತಿದ್ದರು, ಇಂಥವನು "ಓಹೋ" ಅಂತ ಕೂಗಿದ. ಅಷ್ಟೂ ವಿವರ ಇರುತ್ತದೆ.

ಈ ಉತ್ತರ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಯಾಕೆಂದರೆ ಶಾಲೆಗಳಲ್ಲಿ ನಾವು ಮಾಡುವುದೆಲ್ಲ, ಜಗಳ ಆ ಇಬ್ಬರಿಗೆ ಸೇರಿದ್ದು ಅಂದುಕೊಂಡು. ಇಬ್ಬರನ್ನು ನಿಲ್ಲಿಸುತ್ತೇವೆ, ಇಬ್ಬರಿಗೂ ಬೈಯುತ್ತೇವೆ, ಇಬ್ಬರ ಮನೆಗೂ ಫೋನ್ ಮಾಡುತ್ತೇವೆ, ಮುಚ್ಚಳಿಕೆ ಬರೆಸಿಕೊಂಡು ಕೈ ಕುಲುಕಿಸಿ ಕಳಿಸುತ್ತೇವೆ. ಸುತ್ತ ನಿಂತಿದ್ದವರು ಅಷ್ಟರಲ್ಲಿ ತಮ್ಮ ತಮ್ಮ ಬೆಂಚಿಗೆ ಹೋಗಿ ಕೂತಿರುತ್ತಾರೆ. ಅವರನ್ನು ಯಾರೂ ಏನೂ ಕೇಳುವುದಿಲ್ಲ. ಹುಡುಗರು ಮಾತ್ರ ಪ್ರತಿ ಸಲವೂ ಬಾಯಿ ಬಿಟ್ಟು ಹೇಳುತ್ತಿದ್ದಾರೆ, ಜಗಳ ಹುಟ್ಟಿದ್ದು ಆ ಗುಂಪಿನಿಂದ ಅಂತ.

ನಾನು ತುಮಕೂರು ಜಿಲ್ಲೆಯ ಒಂದು ತಾಲೂಕು ಕೇಂದ್ರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮುಂದೆ ಬರೆದಿರುವುದರಲ್ಲಿ ಮಕ್ಕಳ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ನಡೆದದ್ದು ನಡೆದ ಹಾಗೇ ಇದೆ.

ನಲ್ಲಿ ಹತ್ತಿರ

ಬಿಸಿಯೂಟ ಮುಗಿದು ತಟ್ಟೆ ತೊಳೆಯುವ ಹೊತ್ತು. ಸಾಲಾಗಿ ನಲ್ಲಿಗಳಿವೆ, ನೀರು ಬರುವುದು ಎರಡರಲ್ಲಿ ಮಾತ್ರ, ಹಾಗಾಗಿ ಅಲ್ಲಿ ಯಾವಾಗಲೂ ನೂಕುನುಗ್ಗಲು. ಒಂಬತ್ತನೇ ತರಗತಿಯ ಒಬ್ಬ ಹುಡುಗನ ತಾಯಿ ಬಸ್ ಸ್ಟ್ಯಾಂಡ್ ಹತ್ತಿರ ಇಡ್ಲಿ ಗಾಡಿ ಇಟ್ಟುಕೊಂಡಿದ್ದಾರೆ. ಬೆಳಗ್ಗೆ ಅವನೂ ಗಾಡಿ ತಳ್ಳಿಕೊಂಡು ಹೋಗಿ, ಪಾರ್ಸೆಲ್ ಕಟ್ಟಿಕೊಟ್ಟು, ಆಮೇಲೆ ಯೂನಿಫಾರ್ಮ್ ಹಾಕಿಕೊಂಡು ಬರುತ್ತಾನೆ. ಅವನಿಗೆ ಕ್ಲಾಸಿನಲ್ಲಿ 'ಚಟ್ನಿ' ಅಂತ ಹೆಸರು. ಎಂಟನೇ ತರಗತಿಯಿಂದ ಹಾಗೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ಅವತ್ತು ಅವನು ನಲ್ಲಿ ಹಿಡಿದು ನಿಂತಿದ್ದಾಗ ಹಿಂದೆ ನಿಂತಿದ್ದ ಎತ್ತರದ ಹುಡುಗ, ಅವನ ಬೆಂಚಿನವನೇ, "ಏ ಚಟ್ನಿ, ಜಾಸ್ತಿ ನೀರ್ ಹಾಕ್ಬೇಡ, ತೆಳ್ಳಗಾಗುತ್ತೆ" ಅಂದ. ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರೇನೋ. ಅವತ್ತು ಪಕ್ಕದಲ್ಲಿ ಹತ್ತನೇ ತರಗತಿಯ ಹುಡುಗರಿದ್ದರು. ಅವರಿಗೆ ಆ ಹೆಸರು ಹೊಸದು. ಒಬ್ಬ ಅದನ್ನೇ ಇನ್ನೊಬ್ಬನಿಗೆ ಕೂಗಿ ಹೇಳಿದ, ನಾಲ್ಕೈದು ಜನ ಒಟ್ಟಿಗೆ ನಕ್ಕರು. ಹುಡುಗ ತಿರುಗಿದವನೇ ಕೈಯಲ್ಲಿದ್ದ ಸ್ಟೀಲ್ ತಟ್ಟೆ ಬೀಸಿದ. ಅಂಚು ಎತ್ತರದವನ ಹುಬ್ಬಿಗೆ ತಗುಲಿತು. ತಾಲೂಕು ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಬಂದೆವು. ಒಂದು ಇಂಚು ಕೆಳಗೆ ಬಿದ್ದಿದ್ದರೆ ಕಣ್ಣು.

ಮಾರನೇ ದಿನ ಎಚ್‌ಎಂ ಸರ್ ಇಬ್ಬರನ್ನೂ ಲ್ಯಾಬಿನಲ್ಲಿ ಕೂರಿಸಿ ಮುಚ್ಚಳಿಕೆ ಬರೆಯಲು ಹೇಳಿದ್ದರು. ನಾನು ಲಿಟ್ಮಸ್ ಪೇಪರ್ ತೆಗೆದುಕೊಳ್ಳಲು ಹೋದವಳು ಬಾಗಿಲ ಹತ್ತಿರವೇ ನಿಂತೆ. ಹುಬ್ಬಿಗೆ ಬ್ಯಾಂಡೇಜ್ ಹಾಕಿಕೊಂಡಿದ್ದವನು "ಕ್ಷಮಿಸಿ ಅಂತ ಹೆಂಗೋ ಬರಿಯೋದು?" ಅಂತ ಕೇಳುತ್ತಿದ್ದ. ಹೊಡೆದವನು ಅವನ ಪೆನ್ನು ತೆಗೆದುಕೊಂಡು ಟೇಬಲ್ಲಿನ ಮೇಲೇ ಬರೆದು ತೋರಿಸಿದ. ಆಮೇಲೆ ಮೆಲ್ಲಗೆ, "ನೋವಾಗ್ತೈತೇನೋ?" ಅಂದ. "ಇಲ್ಲ ಕಣೋ, ಸೂಜಿ ಚುಚ್ಚಿದಾಗ್ಲೇ ಜಾಸ್ತಿ ಆಗಿದ್ದು." ಮನೆಯಿಂದ ಯಾರು ಬರುತ್ತಾರೆ, ಅಪ್ಪನಾ ಅಮ್ಮನಾ ಅನ್ನುವುದರ ಬಗ್ಗೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಿಕೊಂಡರು. ಅಷ್ಟರಲ್ಲಿ ಪೀರಿಯಡ್ ಬೆಲ್ ಆಯಿತು. ಹೊರಗೆ ಬಂದ ಹುಡುಗರು ಕಿಟಕಿಯ ಸರಳು ಹಿಡಿದುಕೊಂಡು ಇಣುಕಿದರು. ನನ್ನ ಕಣ್ಣೆದುರಿಗೇ ಇಬ್ಬರೂ ಬದಲಾದರು. ಒಬ್ಬ ಸ್ಟೂಲನ್ನು ದೂರ ಎಳೆದುಕೊಂಡ. ಇನ್ನೊಬ್ಬ ಗದ್ದ ಮೇಲೆತ್ತಿ, "ಇನ್ನೊಂದ್ ಸಲ ಅಂದ್ನೋಡು" ಅಂದ. ಹೇಳಿದ್ದು ಇವನಿಗೆ, ನೋಡುತ್ತಿದ್ದದ್ದು ಕಿಟಕಿ ಕಡೆಗೆ.

ಆ ಹುಡುಗನ ಸಿಟ್ಟು ಸುಳ್ಳು ಅಂತ ಹೇಳುತ್ತಿಲ್ಲ. ಬೆಳಗ್ಗೆ ನಾಲ್ಕಕ್ಕೆ ಎದ್ದು ರುಬ್ಬುವ ತಾಯಿಯ ಕೆಲಸವನ್ನು ಯಾರೋ ನಗೆಪಾಟಲು ಮಾಡಿದರೆ ನೋವಾಗದೆ ಇರುತ್ತದಾ? ನಮ್ಮ ಶಾಲೆಗಳಲ್ಲಿ ಅಡ್ಡಹೆಸರುಗಳು ಎಲ್ಲಿಂದ ಹುಟ್ಟುತ್ತವೆ ನೋಡಿ. ಮೈಬಣ್ಣ, ಅಪ್ಪನ ಕುಡಿತ, ಅಮ್ಮನ ಕೆಲಸ, ಕೇರಿಯ ಹೆಸರು. ಜಾತಿ ಹಿಡಿದು ಬೈದದ್ದನ್ನು ಮಕ್ಕಳು ನಮಗೆ ಹೇಳುವುದೇ ಕಮ್ಮಿ, ಹೇಳಿದರೆ ಇನ್ನೂ ನಾಲ್ಕು ಜನಕ್ಕೆ ಗೊತ್ತಾಗುತ್ತದೆ ಅನ್ನುವ ಹೆದರಿಕೆ. ನೋವು ಅಲ್ಲಿ ಮೊದಲಿಂದಲೂ ಇತ್ತು. ಆ ನೋವಿನ ಕೈಗೆ ತಟ್ಟೆ ಬಂದದ್ದು ಹತ್ತನೇ ಕ್ಲಾಸಿನ ಹುಡುಗರು ನಕ್ಕಾಗ.

ಜೊತೆಯವರು ನೋಡುತ್ತಿದ್ದರೆ

ಇದನ್ನು ಅಳೆದು ನೋಡಿದವರಿದ್ದಾರೆ. ಕೆನಡಾದಲ್ಲಿ ಡೆಬ್ರಾ ಪೆಪ್ಲರ್, ವೆಂಡಿ ಕ್ರೇಗ್ ಮತ್ತು ಅವರ ಜೊತೆಗಾರರು ಟೊರಾಂಟೊದ ಪ್ರಾಥಮಿಕ ಶಾಲೆಗಳ ಆಟದ ಮೈದಾನಕ್ಕೆ ವಿಡಿಯೋ ಕ್ಯಾಮೆರಾ ತಿರುಗಿಸಿ, ಮಕ್ಕಳ ಮೈಗೆ ಚಿಕ್ಕ ಮೈಕ್ ಸಿಕ್ಕಿಸಿ, ಒಬ್ಬರನ್ನೊಬ್ಬರು ಪೀಡಿಸುವ ಪ್ರಸಂಗಗಳನ್ನು ದಾಖಲಿಸಿದರು. 1999ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ, ಸುತ್ತ ಇದ್ದ ಮಕ್ಕಳು ಅರ್ಧಕ್ಕಿಂತ ಹೆಚ್ಚು ಹೊತ್ತು, ಅಂದರೆ ಶೇ. 54ರಷ್ಟು ಸಮಯ, ಸುಮ್ಮನೆ ನಿಂತು ನೋಡುತ್ತಿದ್ದರು. ಶೇ. 21ರಷ್ಟು ಹೊತ್ತು ಪೀಡಿಸುವವರ ಜೊತೆ ಸೇರಿಕೊಂಡರು. ಪೆಟ್ಟು ತಿನ್ನುವವರ ಪರ ನಿಂತದ್ದು ಶೇ. 25ರಷ್ಟು. ಇದೇ ತಂಡದ 2001ರ ಇನ್ನೊಂದು ಬರಹ ನನ್ನ ಮನಸ್ಸಿನಲ್ಲಿ ಜಾಸ್ತಿ ಉಳಿದಿದೆ. ಯಾರಾದರೂ ಒಂದು ಮಗು ನಡುವೆ ಬಂದದ್ದು ಐದರಲ್ಲಿ ಒಂದು ಪ್ರಸಂಗದಲ್ಲಿ ಮಾತ್ರ. ಆದರೆ ಬಂದಾಗ, ಅರ್ಧಕ್ಕಿಂತ ಹೆಚ್ಚು ಸಲ ಜಗಳ ಹತ್ತು ಸೆಕೆಂಡಿನೊಳಗೆ ನಿಂತುಹೋಯಿತು. ಹತ್ತು ಸೆಕೆಂಡು! ಮೇಷ್ಟ್ರು ಸ್ಟಾಫ್ ರೂಮಿನಿಂದ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬರುವಷ್ಟರಲ್ಲಿ ಅದಕ್ಕಿಂತ ಜಾಸ್ತಿ ಹೊತ್ತಾಗುತ್ತದೆ.

ನೋಡುವವರಿದ್ದರೆ ಈ ವಯಸ್ಸಿನ ತಲೆ ಬೇರೆ ಥರ ಓಡುತ್ತದೆ ಅನ್ನುವುದಕ್ಕೂ ಆಧಾರ ಇದೆ. ಅಮೆರಿಕದ ಮಾರ್ಗೋ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 306 ಜನ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿದರು. ಹಳದಿ ದೀಪ ಬಂದ ಮೇಲೆ ಎಷ್ಟು ಹೊತ್ತು ಓಡಿಸುತ್ತೀರೋ ಅಷ್ಟು ಲಾಭ, ಆದರೆ ಯಾವ ಕ್ಷಣದಲ್ಲಾದರೂ ಗೋಡೆಗೆ ಗುದ್ದಬಹುದು. 24 ದಾಟಿದ ದೊಡ್ಡವರು ಒಬ್ಬರೇ ಇದ್ದರೂ ಗೆಳೆಯರು ಜೊತೆಗಿದ್ದರೂ ಒಂದೇ ಥರ ಆಡಿದರು. 13ರಿಂದ 16ರ ಮಕ್ಕಳು ಗೆಳೆಯರು ಪಕ್ಕದಲ್ಲಿದ್ದಾಗ ಬಹಳ ಹೆಚ್ಚು ಅಪಾಯ ಮೈಮೇಲೆ ಎಳೆದುಕೊಂಡರು. ಆಮೇಲೆ 2011ರಲ್ಲಿ ಸ್ಟೈನ್‌ಬರ್ಗ್ ಇದ್ದ ಇನ್ನೊಂದು ತಂಡ ಇಂಥದ್ದೇ ಆಟವನ್ನು ಮಿದುಳಿನ ಸ್ಕ್ಯಾನರಿನೊಳಗೆ ಆಡಿಸಿತು. ಗೆಳೆಯರು ಪಕ್ಕದ ಕೋಣೆಯಲ್ಲಿ ಕೂತು ನೋಡುತ್ತಿದ್ದಾರೆ ಅಂತ ಗೊತ್ತಾದರೆ ಸಾಕು, ಏನೋ ಒಳ್ಳೆಯದು ಸಿಗುತ್ತದೆ ಅಂದಾಗ ಚುರುಕಾಗುವ ಭಾಗ ಹದಿಹರೆಯದವರಲ್ಲಿ ಹೆಚ್ಚು ಚುರುಕಾಯಿತು.

ನಮ್ಮೂರಿನ ಬೈಪಾಸ್ ರೋಡಿನಲ್ಲಿ ಸಂಜೆ ನೋಡಿ. ಹುಡುಗರು ಬೈಕಿನ ಮುಂದಿನ ಚಕ್ರ ಎತ್ತಿ ವೀಲಿಂಗ್ ಮಾಡುತ್ತಾರೆ. ಒಬ್ಬನೇ ಇರುವಾಗ ಮಾಡುವವನನ್ನು ನಾನಂತೂ ನೋಡಿಲ್ಲ. ಹಿಂದೆ ಇನ್ನೊಂದು ಗಾಡಿಯಲ್ಲಿ ಫೋನ್ ಹಿಡಿದುಕೊಂಡವನೊಬ್ಬ ಇದ್ದೇ ಇರುತ್ತಾನೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂತು. ಮಕ್ಕಳು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೋ ಗಾಡಿಯ ಮಾಲೀಕರಿಗೋ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಮಕ್ಕಳು ಗಾಬರಿಯಾಗಿಯೇ ಕೇಳಿಸಿಕೊಂಡರು. ಆದರೆ ಸಂಜೆ ಐದು ಜನ ಗೆಳೆಯರು "ಎತ್ತೋ ಮಗಾ" ಅನ್ನುವಾಗ ಆ ಕಾಯ್ದೆ ಯಾರಿಗೆ ನೆನಪಿರುತ್ತದೆ?

"ಆತ್ಮವಿಶ್ವಾಸ ಕಮ್ಮಿ ಮೇಡಂ"

ಪೋಷಕರ ಸಭೆಯಲ್ಲಿ ಅತಿ ಹೆಚ್ಚು ಕೇಳುವ ಮಾತು ಇದು. ಅಂಕ ಕಮ್ಮಿ ಬಂದರೆ ಆತ್ಮವಿಶ್ವಾಸ ಕಮ್ಮಿ, ಹೊಡೆದಾಡಿದರೆ ಆತ್ಮವಿಶ್ವಾಸ ಕಮ್ಮಿ, ಸುಮ್ಮನೆ ಕೂತಿದ್ದರೂ ಆತ್ಮವಿಶ್ವಾಸ ಕಮ್ಮಿ. ಅದಕ್ಕೆ ಪರಿಹಾರ ಅಂತ ವ್ಯಕ್ತಿತ್ವ ವಿಕಸನದವರು ಮೈಕ್ ಹಿಡಿದುಕೊಂಡು ಬರುತ್ತಾರೆ, ಕಣ್ಣು ಮುಚ್ಚಿಸಿ "ನಾನೇ ಬೆಸ್ಟ್" ಅಂತ ಮಕ್ಕಳ ಕೈಯಲ್ಲಿ ಕೂಗಿಸುತ್ತಾರೆ. ಇದರಿಂದ ಜಗಳ ಕಮ್ಮಿಯಾಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಇದೇ ನಂಬಿಕೆಯ ಮೇಲೆ 1986ರಲ್ಲಿ ಒಂದು ಸರ್ಕಾರಿ ಕಾರ್ಯಪಡೆಯನ್ನೇ ಮಾಡಿತ್ತು. ಜನರ ಸ್ವಾಭಿಮಾನ ಹೆಚ್ಚಿಸಿದರೆ ಅಪರಾಧ, ದುಶ್ಚಟ ಎಲ್ಲ ಇಳಿಯುತ್ತದೆ ಅಂತ ಲೆಕ್ಕ. ಹತ್ತು ವರ್ಷದ ಮೇಲೆ, 1996ರಲ್ಲಿ, ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ಮತ್ತು ಇನ್ನಿಬ್ಬರು ಒಂದು ದೊಡ್ಡ ವಿಮರ್ಶೆ ಬರೆದು ಇದನ್ನು ಬುಡಮೇಲು ಮಾಡಿದರು. ಕೈ ಎತ್ತುವವರು ತಮ್ಮನ್ನು ತಾವು ಕೀಳು ಅಂದುಕೊಂಡವರಲ್ಲ. ತಾನು ದೊಡ್ಡವನು ಅಂದುಕೊಂಡಿರುವವನಿಗೆ ಯಾರೋ ಅಲ್ಲ ಅಂದಾಗ ಅವನು ಹೊಡೆಯುತ್ತಾನೆ ಅನ್ನುವುದು ಅವರ ವಾದ. 2005ರಲ್ಲಿ ಬ್ರೆಂಟ್ ಡೊನೆಲನ್ ಮತ್ತು ಜೊತೆಗಾರರು ಮತ್ತೆ ಉಲ್ಟಾ ತೋರಿಸಿದರು. ಸ್ವಾಭಿಮಾನ ಕಮ್ಮಿ ಇರುವ ಹದಿಹರೆಯದವರಲ್ಲೂ ಆಕ್ರಮಣಶೀಲತೆ ಹೆಚ್ಚು ಅಂತ.

ನನಗೆ ಇಬ್ಬರೂ ಸರಿ ಅನ್ನಿಸುತ್ತಾರೆ, ಯಾಕೆಂದರೆ ಎರಡೂ ಥರದ ಮಕ್ಕಳು ನನ್ನ ಕ್ಲಾಸಿನಲ್ಲೇ ಇದ್ದಾರೆ. ಎಷ್ಟು ಜಾಸ್ತಿ, ಎಷ್ಟು ಕಮ್ಮಿ ಅನ್ನುವುದಕ್ಕಿಂತ ಆ ಬೆಲೆ ಎಲ್ಲಿಂದ ಬಂದದ್ದು ಅನ್ನುವುದು ಮುಖ್ಯ. 1989ರಲ್ಲೇ ಮೈಕೆಲ್ ಕರ್ನಿಸ್ ಮತ್ತು ಜೊತೆಗಾರರು ಇದರ ಹತ್ತಿರ ಬಂದಿದ್ದರು. ತನ್ನ ಬಗ್ಗೆ ಮೇಲಾದ ಅಭಿಪ್ರಾಯ ಇದ್ದು, ಅದು ದಿನ ದಿನಕ್ಕೂ ಏರಿಳಿಯುತ್ತಿದ್ದರೆ ಅಂಥವರಲ್ಲೇ ಸಿಟ್ಟು ಅತಿ ಹೆಚ್ಚು ಅಂತ ಅವರು ಕಂಡರು. ಗಟ್ಟಿಯಾಗಿ ನಿಂತ ಸ್ವಾಭಿಮಾನ ಇದ್ದವರಲ್ಲಿ ಸಿಟ್ಟು ಅತಿ ಕಮ್ಮಿ. ಹದಿನಾಲ್ಕರ ಹುಡುಗನಿಗೆ ತನ್ನ ಬೆಲೆ ಅನ್ನುವುದು ಕೈಗಡ ತಂದ ದುಡ್ಡಿನ ಹಾಗೆ. ಕೊಟ್ಟವರು ಹಿಂದಿನ ಬೆಂಚಿನ ನಾಲ್ಕು ಜನ, ಅವರು ಯಾವ ಘಳಿಗೆಯಲ್ಲಿ ಬೇಕಾದರೂ ವಾಪಸ್ ಕೇಳಬಹುದು. ಹಾಗಾಗಿ ಅವನು ಇಡೀ ದಿನ ಎಚ್ಚರದಲ್ಲಿರುತ್ತಾನೆ. ಯಾರು ನಕ್ಕರು, ಯಾರು ಗುರಾಯಿಸಿದರು, ಯಾರು ಹೆಗಲು ತಾಗಿಸಿಕೊಂಡು ಹೋದರು. ದೊಡ್ಡವರಿಗೆ ಇದು ಅತಿ ಅನ್ನಿಸುತ್ತದೆ. ನಮಗೆ ಕೆಲಸ ಇದೆ, ಮನೆ ಇದೆ, ಬೇಡ ಅನ್ನಿಸಿದರೆ ಬೇರೆ ಜನ ಇದ್ದಾರೆ. ಅವನಿಗೆ ಇರುವುದು ಈ ಅರವತ್ತು ಜನರ ಕ್ಲಾಸು, ನಾಳೆ ಬೆಳಗ್ಗೆ ಮತ್ತೆ ಅಲ್ಲಿಗೇ ಬರಬೇಕು.

ಮೂಗು ಹಿಡಿಸುತ್ತಿದ್ದ ಕಾಲ

ಎಲ್ಲರ ಮುಂದೆ ಒಬ್ಬನನ್ನು ಕೀಳು ಮಾಡುವುದನ್ನು ಮಕ್ಕಳಿಗೆ ಕಲಿಸಿದವರು ಯಾರು ಅಂತ ಯೋಚಿಸಿದಾಗ ನನಗೆ ನಮ್ಮೂರಿನ ಮಿಡ್ಲ್ ಸ್ಕೂಲು ನೆನಪಾಗುತ್ತದೆ. ನನ್ನ ವಯಸ್ಸಿನವರಿಗೆಲ್ಲ ಇದು ಗೊತ್ತು. ಲೆಕ್ಕದ ಮೇಷ್ಟ್ರು ಮಗ್ಗಿ ಕೇಳುವರು. ಹುಡುಗನಿಗೆ ಬರದಿದ್ದರೆ ಒಬ್ಬಳು ಹುಡುಗಿಯನ್ನು ಎಬ್ಬಿಸುವರು. ಅವಳು ಹೇಳಿದರೆ, ಹುಡುಗನ ಮೂಗು ಹಿಡಿದು ಕಪಾಳಕ್ಕೆ ಹೊಡೆಯಬೇಕು. ಮೆಲ್ಲಗೆ ಹೊಡೆದರೆ, "ಅದೇನು ಮುತ್ತು ಕೊಡ್ತಿದೀಯಾ, ಜೋರಾಗಿ ಹೊಡಿ" ಅಂತ ಮತ್ತೆ ಹೊಡೆಸುವರು. ನಮ್ಮ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ, ಹದಿನಾರರ ಮಗ್ಗಿ ಬರುತ್ತಿರಲಿಲ್ಲ. ಹದಿನಾರು ಏಳಲಿ ಅನ್ನುವಲ್ಲಿ ನಿಂತುಬಿಡುತ್ತಿದ್ದ. ವಾರಕ್ಕೆ ಎರಡು ಮೂರು ಸಲ ಅವನ ಮೂಗು ಯಾರದ್ದಾದರೂ ಕೈಯಲ್ಲಿರುತ್ತಿತ್ತು. ಇಡೀ ಕ್ಲಾಸು ನಗುತ್ತಿತ್ತು, ಅವನೂ ಹಲ್ಲು ಬಿಡುತ್ತಿದ್ದ. ಕಿವಿ ಮಾತ್ರ ಕೆಂಪಗಾಗಿರುತ್ತಿತ್ತು.

ಸಂಜೆ ಕೆರೆ ಏರಿ ಮೇಲೆ ಮನೆಗೆ ಹೋಗುವಾಗ ಅವನು ಬೇರೆಯೇ ಆಗುತ್ತಿದ್ದ. ಮೂರನೇ ಕ್ಲಾಸು, ನಾಲ್ಕನೇ ಕ್ಲಾಸಿನ ಚಿಕ್ಕವರನ್ನು ಹಿಡಿದು ನಿಲ್ಲಿಸಿ ಮಗ್ಗಿ ಕೇಳುತ್ತಿದ್ದ. ಅದೂ ಹದಿನಾರರದ್ದು. ಬರದಿದ್ದರೆ ಮೂಗು ಹಿಡಿದು ಹೊಡೆಯುತ್ತಿದ್ದ, ತನ್ನ ಜೊತೆಯವರನ್ನು ಸುತ್ತ ನಿಲ್ಲಿಸಿಕೊಂಡು. ಒಬ್ಬ ಪುಟ್ಟ ಹುಡುಗ ಏರಿಯಿಂದ ಜಾರಿ ಕಲ್ಲಿನ ಮೇಲೆ ಬಿದ್ದು ಕೈ ಮುರಿದುಕೊಂಡ ಮೇಲೆ ಊರಿನಲ್ಲಿ ಪಂಚಾಯ್ತಿ ಆಯಿತು. ಹುಡುಗನ ಅಪ್ಪ ಎಲ್ಲರ ಎದುರಿಗೆ ಅವನನ್ನು ಕಂಬಕ್ಕೆ ಕಟ್ಟಿ ಹೊಡೆದರು. ಏಳನೇ ತರಗತಿ ಮುಗಿಯುವ ಮೊದಲೇ ಅವನು ಶಾಲೆ ಬಿಟ್ಟ. ಅವನು ಹುಟ್ಟಾ ಪೋಕರಿ ಅಂತ ಊರು ಇವತ್ತಿಗೂ ಹೇಳುತ್ತದೆ. ಆ ಊರಿನಲ್ಲಿ ಅವನಿಗೆ ಯಾರೂ ಒಂದೇ ಒಂದು ಸಲ, ಪಕ್ಕಕ್ಕೆ ಕರೆದು ಕೂರಿಸಿಕೊಂಡು, ಹದಿನಾರು ಏಳಲಿ ನೂರಾ ಹನ್ನೆರಡು ಅಂತ ಹೇಳಿಕೊಡಲಿಲ್ಲ.

ಈಗ ಹೊಡೆಯುವ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆ ಎರಡನೆಯ ಭಾಗ ಯಾರ ಗಮನಕ್ಕೂ ಬಂದ ಹಾಗಿಲ್ಲ. ಅಂಕಗಳನ್ನು ಇವತ್ತಿಗೂ ಜೋರಾಗಿ ಓದುತ್ತಾರೆ, ಕಮ್ಮಿ ಬಂದವರನ್ನು ಕೊನೆಗೆ. ಫೀಸು ಕಟ್ಟದವರನ್ನು ಎದ್ದು ನಿಲ್ಲಿಸುವ ಶಾಲೆಗಳಿವೆ. ಪೋಷಕರ ಸಭೆಯಲ್ಲಿ ಮಗುವನ್ನು ಮಧ್ಯಕ್ಕೆ ನಿಲ್ಲಿಸಿಕೊಂಡು ಅಪ್ಪ ಅಮ್ಮ ಮೇಷ್ಟ್ರು ಮೂವರೂ ಅದರ ಕೊರತೆಗಳನ್ನು ಲೆಕ್ಕ ಹಾಕುತ್ತಾರೆ, ಪಕ್ಕದ ಕುರ್ಚಿಯಲ್ಲಿ ಇನ್ನೊಂದು ಮಗುವಿನ ಅಪ್ಪ ಅಮ್ಮ ಕೂತಿರುತ್ತಾರೆ. ಗುಂಪಿನ ಎದುರು ಒಬ್ಬನನ್ನು ಕೀಳು ಮಾಡಿದರೆ ಅವನು ದಾರಿಗೆ ಬರುತ್ತಾನೆ ಅಂತ ದೊಡ್ಡವರು ಇಷ್ಟು ಗಟ್ಟಿಯಾಗಿ ನಂಬಿರುವಾಗ, ಮಕ್ಕಳು ಇದೇ ವಿದ್ಯೆಯನ್ನು ಒಬ್ಬರ ಮೇಲೊಬ್ಬರು ಬಳಸಿದರೆ ಆಶ್ಚರ್ಯ ಯಾಕೆ?

ಹುಡುಗಿಯರ ಜಗಳಕ್ಕೆ ಸದ್ದಿಲ್ಲ

ಹುಡುಗಿಯರ ಜಗಳ ಸ್ಟಾಫ್ ರೂಮಿಗೆ ಬರುವುದೇ ಅಪರೂಪ. ಅವರಲ್ಲಿ ಹೆಚ್ಚಾಗಿ ಮಾತು ಬಿಡುತ್ತಾರೆ. ಒಬ್ಬಳು ಬಂದು ಕೂತರೆ ಉಳಿದವರು ಎದ್ದು ಹೋಗುತ್ತಾರೆ. ವಾಟ್ಸಾಪ್ ಗ್ರೂಪಿನಿಂದ ತೆಗೆದು, ಅವಳಿಲ್ಲದ ಇನ್ನೊಂದು ಗ್ರೂಪ್ ಮಾಡುತ್ತಾರೆ. ಎಂಟನೇ ತರಗತಿಯ ಒಬ್ಬಳು ಒಂದು ಇಡೀ ತಿಂಗಳು ಹೊಂಗೆ ಮರದ ಕೆಳಗೆ ಒಬ್ಬಳೇ ಊಟ ಮಾಡುತ್ತಿದ್ದಳು. ಓದುವುದರಲ್ಲಿ ಮುಂದಿದ್ದವಳು, ಲ್ಯಾಬಿಗೆ ಮೊದಲು ಬರುತ್ತಿದ್ದವಳು, ಹೊಟ್ಟೆನೋವು ತಲೆನೋವು ಅಂತ ಮನೆಯಲ್ಲೇ ಉಳಿಯಲು ಶುರು ಮಾಡಿದಳು. ಕಾರಣ ಏನು ಅಂತ ಕೇಳಿದರೆ, "ಏನಿಲ್ಲ ಮೇಡಂ, ಯಾರೂ ಏನೂ ಮಾಡಿಲ್ಲ." ಅದು ನಿಜವೇ. ಯಾರೂ ಏನೂ ಮಾಡಿರಲಿಲ್ಲ, ಅವಳ ಜೊತೆ ಯಾರೂ ಏನೂ ಮಾಡುತ್ತಿರಲಿಲ್ಲ.

ಕಿಪ್ಲಿಂಗ್ ವಿಲಿಯಮ್ಸ್ ಅನ್ನುವ ಮನಶ್ಶಾಸ್ತ್ರಜ್ಞರು ಇದಕ್ಕಾಗಿ ಒಂದು ಕಂಪ್ಯೂಟರ್ ಆಟ ಮಾಡಿದರು. ಮೂವರು ಚೆಂಡು ಎಸೆದಾಡುವುದು, ಅಷ್ಟೇ. ಸ್ವಲ್ಪ ಹೊತ್ತಾದ ಮೇಲೆ ಇಬ್ಬರು ನಿಮ್ಮ ಕಡೆ ಎಸೆಯುವುದನ್ನು ನಿಲ್ಲಿಸುತ್ತಾರೆ. ಮುಖ ನೋಡದ, ಹೆಸರು ಗೊತ್ತಿಲ್ಲದ ಇಬ್ಬರು ಕೆಲವು ನಿಮಿಷ ಚೆಂಡು ಕೊಡದಿದ್ದರೆ ದೊಡ್ಡವರಿಗೇ ತಮ್ಮ ಬಗ್ಗೆ ಇದ್ದ ಅಭಿಪ್ರಾಯ ಕುಸಿಯುತ್ತದೆ. 2004ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಎದುರಿಗಿರುವುದು ಮನುಷ್ಯರಲ್ಲ, ಬರೀ ಕಂಪ್ಯೂಟರು ಅಂತ ಮೊದಲೇ ಹೇಳಿದ್ದರೂ ನೋವಾಯಿತು. ಹದಿಮೂರು ವರ್ಷದ ಮಗುವಿಗೆ, ದಿನಾ ನೋಡುವ ಮುಖಗಳು, ತಿಂಗಳುಗಟ್ಟಲೆ ಹೀಗೆ ಮಾಡಿದರೆ? (ಮಗು ಊಟ ನಿದ್ದೆ ಬಿಟ್ಟಿದ್ದರೆ, ಬದುಕೇ ಬೇಡ ಅನ್ನುವ ಮಾತಾಡಿದ್ದರೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416. ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098.)

ಅವಳ ವಿಷಯದಲ್ಲಿ ಆದದ್ದು ಇಷ್ಟು. ಥ್ರೋಬಾಲ್ ಟೀಮ್ ಆರಿಸುವಾಗ ಎಂದಿನ ಹಾಗೆ ಅವಳು ಕೊನೆಗೆ ಉಳಿದಳು. ಆ ವರ್ಷ ಬೇರೆ ಊರಿನಿಂದ ಬಂದು ಸೇರಿದ್ದ ಒಬ್ಬಳು, ಯಾರ ಗುಂಪಿಗೂ ಪೂರ್ತಿ ಸೇರದವಳು, "ಅವಳು ನಮ್ ಕಡೆ ಬರ್ಲಿ" ಅಂದಳು. ಮಧ್ಯಾಹ್ನ ತಟ್ಟೆ ಹಿಡಿದುಕೊಂಡು ಹೋಗಿ ಹೊಂಗೆ ಮರದ ಕೆಳಗೆ ಕೂತಳು. ಮಾರನೇ ದಿನ ಇನ್ನೊಬ್ಬಳು ಹೋದಳು. ಒಂದೆರಡು ವಾರದಲ್ಲಿ ಮರದ ಕೆಳಗೆ ದೊಡ್ಡ ಗುಂಪೇ ಇತ್ತು. ಆಮೇಲೆ ಅವರನ್ನು ಒಬ್ಬೊಬ್ಬರಾಗಿ ಮಾತಾಡಿಸಿದೆ. ಎಲ್ಲರೂ ಹೇಳಿದ್ದು ಒಂದೇ. ನನಗೇನೂ ಅವಳ ಮೇಲೆ ಸಿಟ್ಟಿರಲಿಲ್ಲ ಮೇಡಂ, ಉಳಿದವರಿಗೆ ಇತ್ತು ಅಂದುಕೊಂಡಿದ್ದೆ. ಒಬ್ಬೊಬ್ಬಳೂ ಉಳಿದವರಿಗೆ ಹೆದರಿಕೊಂಡಿದ್ದಳು. ಅಮೆರಿಕದಲ್ಲಿ ಸಾಲೊಮನ್ ಆಶ್ 1950ರ ದಶಕದಲ್ಲಿ ಗೆರೆಗಳ ಪ್ರಯೋಗ ಮಾಡಿದ್ದು ನೆನಪಿರಬಹುದು. ಕಣ್ಣಿಗೆ ಕಾಣುವ ಗೆರೆಯ ಉದ್ದವನ್ನೇ ಇಡೀ ಗುಂಪು ಬೇಕಂತಲೇ ತಪ್ಪಾಗಿ ಹೇಳಿದಾಗ, ಕಾಲೇಜು ಹುಡುಗರು ಸುಮಾರು ಮೂರರಲ್ಲಿ ಒಂದು ಸಲ ತಾವೂ ತಪ್ಪನ್ನೇ ಹೇಳಿದರು. ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿ ಉತ್ತರ ಹೇಳಿದರೆ ಸಾಕಿತ್ತು, ಹಾಗೆ ಬಾಗುವುದು ತೀರಾ ಕಮ್ಮಿಯಾಯಿತು.

ನೀನು ಎಲ್ಲಿ ನಿಂತಿದ್ದೆ?

ಫಿನ್ಲೆಂಡಿನಲ್ಲಿ ಕ್ರಿಸ್ಟಿನಾ ಸಾಲ್ಮಿವಾಲಿ ಅನ್ನುವವರು ಈ ವಿಷಯವನ್ನೇ ಬದುಕಿನ ಕೆಲಸ ಮಾಡಿಕೊಂಡಿದ್ದಾರೆ. ಪೀಡಿಸುವವನು, ಪೀಡನೆಗೆ ಒಳಗಾದವನು ಇವರಿಬ್ಬರಷ್ಟೇ ಅಲ್ಲ, ಕೈ ಜೋಡಿಸುವವರು, ನಕ್ಕು ಹುರಿದುಂಬಿಸುವವರು, ದೂರ ಸರಿಯುವವರು, ಕಾಪಾಡುವವರು ಅಂತ ಇಡೀ ಕ್ಲಾಸಿಗೆ ಪಾತ್ರ ಇರುತ್ತದೆ ಅಂತ 1996ರಲ್ಲಿ ಅವರ ತಂಡ ತೋರಿಸಿತು. ಅದರ ಮೇಲೆಯೇ ಟುರ್ಕು ವಿಶ್ವವಿದ್ಯಾಲಯದಲ್ಲಿ ಪೀಡನೆ ತಡೆಯುವ 'ಕಿವಾ' ಅನ್ನುವ ಕಾರ್ಯಕ್ರಮ ರೂಪುಗೊಂಡು, 2009ರಿಂದ ಆ ದೇಶದ ಶಾಲೆಗಳಿಗೆ ಹರಡಿತು. ಅದರ ಪಾಠಗಳು ಮುಖ್ಯವಾಗಿ ನೋಡುವವರಿಗೆ. ನಮ್ಮಲ್ಲಿ ಅಂಥ ಏರ್ಪಾಡು ಇಲ್ಲ. ಆಪ್ತಸಮಾಲೋಚಕರು ಇರುವ ಸರ್ಕಾರಿ ಹೈಸ್ಕೂಲು ನಾನು ನೋಡಿಲ್ಲ. ಪಿಇ ಸರ್ ಮತ್ತು ನಾನು ಸೇರಿ, ನಮ್ಮ ಕೈಲಾದ ಮಟ್ಟಿಗೆ ಏನೋ ಶುರು ಮಾಡಿದ್ದೇವೆ.

ಜಗಳ ಆದಾಗ ಈಗ ನಾವು ಸುತ್ತ ಇದ್ದವರನ್ನೂ ಕರೆಯುತ್ತೇವೆ, ಒಬ್ಬೊಬ್ಬರನ್ನೇ. ಗುಂಪಾಗಿ ಕರೆದರೆ ಲ್ಯಾಬಿನ ಕಿಟಕಿಯ ಕಥೆಯೇ ಆಗುತ್ತದೆ. ಬೈಯುವುದಿಲ್ಲ. ಒಂದು ಹಾಳೆ ಕೊಟ್ಟು, ಜಾಗದ ಚಿತ್ರ ಬರೆದು, ನೀನು ಎಲ್ಲಿ ನಿಂತಿದ್ದೆ ಅಂತ ಗುರುತು ಹಾಕು ಅನ್ನುತ್ತೇವೆ. ನಲ್ಲಿ ಜಗಳದ ಹಾಳೆಗಳು ನನ್ನ ಹತ್ತಿರ ಇನ್ನೂ ಇವೆ. ಹತ್ತನೇ ತರಗತಿಯ ಒಬ್ಬ ತನ್ನನ್ನು ದೂರದ ಕಾಂಪೌಂಡ್ ಹತ್ತಿರ ಹಾಕಿಕೊಂಡಿದ್ದ. ಉಳಿದವರ ಹಾಳೆಯಲ್ಲೆಲ್ಲ ಅವನು ನಲ್ಲಿಯ ಪಕ್ಕದಲ್ಲೇ ಇದ್ದ. ಹಾಳೆಗಳನ್ನು ಅವನಿಗೆ ತೋರಿಸಿದಾಗ ಬಹಳ ಹೊತ್ತು ನೋಡಿದ. ಆಮೇಲೆ ರಬ್ಬರ್ ಕೇಳಿ, ತನ್ನ ಗುರುತು ಅಳಿಸಿ, ಸರಿಯಾದ ಕಡೆ ಹಾಕಿದ. "ನಾನ್ ನಕ್ಕಿದ್ದಕ್ಕೇ ಅವನು ತಿರುಗಿದ್ದು ಅನ್ಸುತ್ತೆ ಮೇಡಂ" ಅಂತ ತಾನಾಗಿ ಹೇಳಿದ. ಇಡ್ಲಿ ಗಾಡಿಯ ಹುಡುಗನನ್ನು ಅದೇ ವಾರದಲ್ಲಿ ಹೋಗಿ ಮಾತಾಡಿಸಿದ ಅಂತ ಆಮೇಲೆ ಗೊತ್ತಾಯಿತು. ಏನು ಮಾತಾಡಿಕೊಂಡರೋ, ಇಬ್ಬರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕಷ್ಟ ಇರುವುದು ಫೋನಿನ ವಿಷಯದಲ್ಲಿ. ಮೊದಲು ಗುಂಪು ಅಂದರೆ ಬೆಲ್ ಹೊಡೆದಾಗ ಚದುರುವ ಗುಂಪು. ಈಗ ಯಾರೋ ವಿಡಿಯೋ ಮಾಡಿ ಸ್ಟೇಟಸ್ಸಿಗೆ ಹಾಕಿದರೆ, ಪೆಟ್ಟು ತಿಂದವನು ಮನೆಗೆ ಹೋದರೂ ನೋಡುವವರು ಮುಗಿಯುವುದಿಲ್ಲ, ಅವನ ಅತ್ತೆ ಮಗನೂ ನೋಡಿರುತ್ತಾನೆ. ಶಾಲೆಗೆ ಫೋನ್ ತರಬಾರದು ಅನ್ನುವ ನಿಯಮ ಗೇಟಿನ ಒಳಗೆ ನಡೆಯುತ್ತದೆ, ಜಗಳಗಳು ಗೇಟಿನ ಹೊರಗೆ ಟ್ಯೂಷನ್ ರಸ್ತೆಗೆ ಹೋಗಿವೆ. ಇದಕ್ಕೆ ನಮ್ಮ ಹತ್ತಿರ ಉತ್ತರ ಸಿಕ್ಕಿಲ್ಲ.

ಶನಿವಾರದ ಬೆಳಗಿನ ಶಾಲೆಯಲ್ಲಿ ಒಂದು ಪೀರಿಯಡ್ ಇದಕ್ಕೇ ಇಟ್ಟಿದ್ದೇವೆ. ಜಗಳ ಶುರುವಾದಾಗ ಪಕ್ಕದಲ್ಲಿದ್ದವರು ಏನು ಮಾಡಬಹುದು ಅಂತ ಮಕ್ಕಳನ್ನೇ ಕೇಳುತ್ತೇವೆ. ಬಿಡಿಸಬೇಕು ಅಂತ ಎಲ್ಲರೂ ಹೇಳಿದರು. ಬಿಡಿಸಲು ಹೋದರೆ ನಮಗೇ ಬೀಳುತ್ತದೆ ಅಂತಲೂ ಹೇಳಿದರು, ಅದೂ ನಿಜವೇ. ಹಿಂದಿನ ಬೆಂಚಿನ ಒಬ್ಬ ಹುಡುಗ, ಜಾಸ್ತಿ ಮಾತಾಡದವನು, ತಾನು ಏನು ಮಾಡುತ್ತೇನೆ ಅಂತ ಎದ್ದು ಹೇಳಿದ. ಇಬ್ಬರಲ್ಲಿ ಒಬ್ಬನ ಕೈ ಹಿಡಿದು "ಬಾರೋ, ಪಿಇ ಸರ್ ಕರೀತವ್ರೆ, ಅರ್ಜೆಂಟಂತೆ" ಅನ್ನುತ್ತಾನಂತೆ. ಸರ್ ಕರೆದಿರುವುದಿಲ್ಲ. ಆದರೆ ಸರ್ ಕರೆದರು ಅಂತ ಹೋದವನನ್ನು ಹೆದರಿ ಓಡಿದ ಅಂತ ಯಾರೂ ಅನ್ನುವ ಹಾಗಿಲ್ಲ, ಉಳಿದವನೂ ಸೋತ ಹಾಗಾಗುವುದಿಲ್ಲ. ಮೈದಾನ ದಾಟುವಷ್ಟರಲ್ಲಿ ಸಿಟ್ಟು ಅರ್ಧ ಇಳಿದಿರುತ್ತದೆ. ನನಗೆ ಯಾವ ಪುಸ್ತಕದಲ್ಲೂ ಸಿಗದ ಉಪಾಯ ಇದು. ಪಿಇ ಸರ್ ಅವತ್ತೇ ಎಲ್ಲ ಸೆಕ್ಷನ್ನಿಗೂ ಹೋಗಿ ಹೇಳಿ ಬಂದರು, ನನ್ನ ಹೆಸರು ಹೇಳಿ ಯಾರನ್ನು ಬೇಕಾದರೂ ಕರೆದುಕೊಂಡು ಬನ್ನಿ, ನಾನೇ ಕರೆದದ್ದು ಅಂತ ಹೇಳುತ್ತೇನೆ ಅಂತ. ಈಗ ಮಧ್ಯಾಹ್ನದ ಹೊತ್ತು ಅವರ ಕೋಣೆ ಬಾಗಿಲಿಗೆ ಯಾರಾದರೂ ಇಬ್ಬರು ಏದುಸಿರು ಬಿಡುತ್ತಾ ಬಂದು ನಿಂತಿರುತ್ತಾರೆ, ಒಬ್ಬನ ಕೈ ಇನ್ನೊಬ್ಬನ ಮುಷ್ಟಿಯಲ್ಲಿ. ಸರ್ ಏನೂ ಕೇಳದೆ ಇಬ್ಬರಿಗೂ ವಾಲಿಬಾಲಿಗೆ ಗಾಳಿ ತುಂಬಲು ಹೇಳುತ್ತಾರೆ.